ಎರಡಿಂಚಿನ ಮರ್ಯಾದೆ

ನನ್ನ ತಮ್ಮ ದರ್ಜಿ. ದೇವರಂಥ ಮನುಷ್ಯ ಅಂತ ನಾನೇನೂ ಹೊಗಳುವುದಿಲ್ಲ, ಮಹಾ ಮೊಂಡ. ಆದರೆ ಅಂಗಡಿಗೆ ಬಂದವರ ಮನಸ್ಸು ನೋಯಿಸಿದವನಲ್ಲ. ಸೊಂಟದ ಅಳತೆ ತೆಗೆದು ಕೂಗುವಾಗ ಬೇಕೆಂದೇ ಎರಡಿಂಚು ಕಡಿಮೆ ಹೇಳುತ್ತಿದ್ದ. ಒಳಗೆ ಬಟ್ಟೆ ಕತ್ತರಿಸುವ ಅವನ ಹೆಂಡತಿ ಸದ್ದಿಲ್ಲದೆ ಎರಡಿಂಚು ಸೇರಿಸಿಕೊಳ್ಳುತ್ತಿದ್ದಳು. ದಪ್ಪಗಾದವರು ನಾಲ್ಕು ಜನರೆದುರು ನಾಚಬಾರದಲ್ಲ, ಅದಕ್ಕೆ. ಗುಂಡಿ ಹೊಲಿಯುತ್ತ ಕೂತ ನಾನು, ಅವನಕ್ಕ, ಮುಸಿಮುಸಿ ನಗುತ್ತಿದ್ದೆ.

ಅವನಿಗೆ ಐವತ್ತು ದಾಟಿದ ಮೇಲೆ ಹೊಲಿದ ಬಟ್ಟೆಯೆಲ್ಲ ದೊಗಳೆಯೆಂದು ವಾಪಸು ಬರತೊಡಗಿತು. ಗಿರಾಕಿಗಳು ಕತ್ತರಿಸಿದವಳಿಗೆ ಉಗಿದರು. ಪಾಪ, ಅವಳದೇನು ತಪ್ಪು! ಇವನು ಈಗ ಇದ್ದ ಅಳತೆಯನ್ನೇ ಕೂಗುತ್ತಿದ್ದ, ಅವಳು ಅಭ್ಯಾಸಬಲದಿಂದ ಸೇರಿಸುತ್ತಲೇ ಇದ್ದಳು.

"ಯಾಕೋ ಹಾಗೆ ಅರಚ್ತೀಯಾ?" ಎಂದೆ.

"ಇರೋದನ್ನ ಹೇಳಿದ್ರೆ ಏನಾಯ್ತು?" ಎಂದ. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಅವನ ಕೋಟನ್ನು ಮಗನ ಅಳತೆಗೆ ಮಾಡಿಸಲು ತಂದು ಅತ್ತಳು. ನನ್ನ ತಮ್ಮ ಕಿಸಕ್ಕನೆ ನಕ್ಕು, "ಇದ್ದಾಗಲೂ ಅವರಿಗೆ ಇದು ಒಪ್ತಿರಲಿಲ್ಲ ಬಿಡಿ" ಅಂದುಬಿಟ್ಟ. ಅಯ್ಯೋ, ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ. ಪಕ್ಕದ ಅಂಗಡಿಯವನು, "ಎಲ್ಲೋ ಇನ್ನೊಂದು ಸಂಸಾರ ಇಟ್ಟಿರ್ಬೇಕು, ಅದಕ್ಕೇ ಈ ಕೊಬ್ಬು" ಅಂದ. ಅವನ ಬಾಯಿಗೆ ಮಣ್ಣು ಬೀಳ!

ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರು ಸ್ಕ್ಯಾನ್ ತೋರಿಸಿ ಬಿಡಿಸಿ ಹೇಳಿದರು. ಮಿದುಳಿನ ಮುಂಭಾಗ ಸೊರಗುತ್ತಿದೆಯಂತೆ. ಇನ್ನೊಬ್ಬರ ನೋವು ತಟ್ಟುವುದು, ನಾಚಿಕೆಯಾಗುವುದು, ನಾಲಿಗೆ ಹಿಡಿದುಕೊಳ್ಳುವುದು ಎಲ್ಲಕ್ಕೂ ಆ ಭಾಗ ಬೇಕಂತೆ. "ಇದು ಕೊಬ್ಬಲ್ಲಮ್ಮ, ಕಾಯಿಲೆ. ಗುಣ ಮಾಡೋ ಔಷಧಿ ಇಲ್ಲ. ಸದ್ಯಕ್ಕೆ ನೆನಪೇನೋ ಚೆನ್ನಾಗೇ ಇದೆ" ಎಂದರು.

ತಮ್ಮನ ಹೆಂಡತಿ ಆ ಕೊನೆಯ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. "ಊರವರ ಕಷ್ಟ ಗೊತ್ತಾಗದೆ ಇರ್ಲಿ ಅತ್ತಿಗೆ. ನನ್ನದು ಗೊತ್ತಾಗದೆ ಇರುತ್ತಾ? ಇಷ್ಟು ವರ್ಷ ಜೊತೆಗಿದ್ದೀವಿ" ಎನ್ನುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಆ ಒಂದು ಆಸೆಯ ಮೇಲೆ ಅವಳ ಉಸಿರು ನಿಂತಿತ್ತು.

ಮೊನ್ನೆ ಕಾದ ಇಸ್ತ್ರಿಪೆಟ್ಟಿಗೆ ಜಾರಿ ಅವಳ ಕೈಮೇಲೆ ಬಿತ್ತು. ಅವಳು ಚೀರಿದ ರೀತಿಗೆ ನನ್ನ ಜೀವ ಬಾಯಿಗೆ ಬಂತು. ತಮ್ಮ ಹೊಲಿಗೆ ನಿಲ್ಲಿಸಿ ಎದ್ದು ಬಂದ. ಅಷ್ಟು ಉರಿಯಲ್ಲೂ ಅವಳು ಚಿಕ್ಕ ಮಗುವಿನ ಹಾಗೆ ಕೈಯನ್ನು ಅವನತ್ತ ಚಾಚಿದಳು. ಅವನು ಆ ಕೈಯನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲಿದ್ದ ಅಂಗಿಯನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಸದ್ಯ, ಬಟ್ಟೆ ಸುಟ್ಟಿಲ್ಲ" ಎಂದು ಹೋಗಿ ಮಿಷನ್ ತುಳಿಯತೊಡಗಿದ.

ನಾನು ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ. ಅವಳು ಅಳಲಿಲ್ಲ.

"ಹೋಗ್ಬಿಟ್ರು ಅತ್ತಿಗೆ" ಎಂದಳು.

ಇಲ್ಲೇ ಕೂತಿದ್ದಾನಲ್ಲೇ ಎನ್ನಹೋದವಳು ನಲ್ಲಿಯನ್ನು ಇನ್ನಷ್ಟು ತಿರುಗಿಸಿದೆ.