ಭಾರ ಕುಂತ ಮ್ಯಾಲಿನ ಬೋಲ್ಟು

"ಭಾರ ಕುಂತ ಮ್ಯಾಲೇ ಬಿಗೀಬೇಕ್ರಿ" ಅನ್ನೋದು ಇಚಲಕರಂಜಿಯ ನಮ್ಮ ಓಣಿಯ ಗಾಡಿ ಮಿಸ್ತ್ರಿಯ ಮಾತು.

ನನ್ನ ಮೊದಲ ಬಸಿರು ನಿಂತಿರಲಿಲ್ಲ. ಎರಡನೆಯದಕ್ಕೆ ಗಡಹಿಂಗ್ಲಜದ ತವರಿಗೆ ಹೊರಟಾಗ, ಬಸ್ಸಿನ ಕುಲುಕಾಟ ಬ್ಯಾಡಂತ ನನ್ನ ಗಂಡ ದುಡಿಯೋ ಮಗ್ಗದ ಮಾಲಕರು ತಮ್ಮ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಕೊಟ್ಟರು. ಕುಲುಕು ತಡೆಯೋ ಅದರ ಹಿಂದಿನ ಕಮಾನು ಪಟ್ಟಿ, ಪಟ್ಟಿಯ ತುದಿಗೆ ಕೂಡೋ ರಬ್ಬರ್ ಬುಶ್ಶು ಎಲ್ಲಾ ಸವೆದಿದ್ದವು. ಮಿಸ್ತ್ರಿ ಹೊಸವು ಹಾಕಿ, ಬೋಲ್ಟು ಸಡಿಲ ಬಿಟ್ಟು, ಗಾಡಿ ನೆಲಕ್ಕಿಳಿಸಿ, "ಅಕ್ಕಾರ, ಒಳಗ ಕೂಡ್ರಿ" ಅಂದರು.

"ಬಸುರಿನ್ನ ತೂಕದ ಕಲ್ಲ ಮಾಡ್ತಿಯೇನೋ?" ಅತ್ತೆ ಗದರಿದರು.

"ಹೌದ್ರೀ ಅವ್ವಾರ. ಭಾರ ಇಲ್ದ ಬಿಗಿದ್ರ ದಾರ್ಯಾಗ ರಬ್ಬರ್ ತಿರುಚಿ ಹರೀತೈತಿ."

ದೇವಿ ಅಂಬಾಬಾಯಿಯನ್ನು ನೆನೆದು ಕುಂತೆ. ಮಿಸ್ತ್ರಿ ಗಾಡಿ ಕೆಳಗೆ ಮಲಗಿ ಬೋಲ್ಟು ಬಿಗಿದರು. ತಾಯಿ ದಯೆ, ದಾರಿ ಸುಖವಾಗಿ ಸಾಗಿತು.

ಅದೇ ಕಾರಿನಲ್ಲಿ ಕೂಸಿನೊಂದಿಗೆ ತಿರುಗಿ ಬಂದಾಗ ಮಿಸ್ತ್ರಿ ಮೊದಲು ಬಗ್ಗಿ ಬುಶ್ಶು ನೋಡಿದರು. ಆಮೇಲೆ ಕೈ ಒರೆಸಿಕೊಂಡು ಕೂಸಿನ ಮುಖ ನೋಡಿದರು.

"ಎರಡೂ ಗಟ್ಟಿ ಅದಾವ್ರೀ" ಅಂದರು.