ಪಾಟೀಲ ಅಂಕಲ್ ಮತ್ತು ಹಿತ್ತಲಿನ ಮೀನುಗಳು

ಯಾರ ಮನೆಗೆ ಹೋದರೂ ಪಾಟೀಲ ಅಂಕಲ್ ಮೊದಲು ಮಾತಾಡಿಸುತ್ತಿದ್ದದ್ದು ಫ್ರಿಜ್ಜನ್ನು. ಅದರ ಬಾಗಿಲಿಗೆ ಕಿವಿ ಹಚ್ಚಿ, "ಏನವ್ವಾ, ಅರಾಮ ಅದೀಯೇನು?" ಎನ್ನುವರು. ನಮ್ಮ ಸರದಿ ಆಮೇಲೆ. ಹುಬ್ಬಳ್ಳಿಯ ಈ ಮನುಷ್ಯ ಕಡಲಾಚೆಯ ಅಲೆಕ್ಸಾಂಡ್ರಾ ಎಂಬ ಊರಿನ ಚೆರ್ರಿ ತೋಟವೊಂದರ ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್. ಊರೆಲ್ಲ ಚಳಿಯನ್ನು ಬೈದರೆ ಇವರು ಮಾತ್ರ, "ಅದು ನನಗ ಅನ್ನ ಹಾಕತೈತಿ, ಬೈಬ್ಯಾಡ್ರಿ" ಎನ್ನುತ್ತಿದ್ದರು.

ಓದಲು ಬಂದು ಇಲ್ಲೇ ಕೆಲಸ ಹಿಡಿದ ನಾನು ಅವರ ಪಕ್ಕದ ಬಾಡಿಗೆಮನೆಯಲ್ಲಿದ್ದೆ. ಹಿತ್ತಲಿನ ಕೊಳದಲ್ಲಿ ಐದು ಗೋಲ್ಡ್ ಫಿಶ್. ಮನೆಯೊಡತಿ ಅಜ್ಜಿ ವೆಲ್ಲಿಂಗ್ಟನ್ನಿನ ಮಗಳ ಮನೆಗೆ ಹೊರಡುವಾಗ ನನ್ನ ಕೈ ಹಿಡಿದು, ಇವನ್ನು ನೋಡಿಕೋ ಎಂದಿದ್ದರು. ಮೈಸೂರಿನ ನಮ್ಮ ಮನೆಯಲ್ಲಿ ಕಾಗೆಗೊಂದು ತುತ್ತು ಇಡದೆ ಯಾರೂ ಉಣ್ಣುವುದಿಲ್ಲ. ಇಲ್ಲಿ ಕಾಗೆಯೇ ಇಲ್ಲವಲ್ಲ! ಆ ತುತ್ತು ಮೀನಿಗೆ ಹೋಗುತ್ತಿತ್ತು. ಭೂಮಿಯ ದಕ್ಷಿಣಾರ್ಧದ ಈ ದೇಶದಲ್ಲಿ ಜುಲೈ ಎಂದರೆ ನಡುಚಳಿಗಾಲ; ಕೊಳ ಹೆಪ್ಪುಗಟ್ಟಿತು. ಪಾಪ, ಹಸಿದಿರುತ್ತವೆ ಎಂದು ದಿನಾ ಸುತ್ತಿಗೆಯಿಂದ ಅಂಚಿನ ಮಂಜುಗಡ್ಡೆ ಒಡೆದು ಎರಡು ತುತ್ತು ಹೆಚ್ಚೇ ಹಾಕಿದೆ.

ಒಂದು ಭಾನುವಾರ ಗಡ್ಡೆಯ ಅಡಿಯಲ್ಲಿ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅಳುತ್ತಲೇ ಅಂಕಲ್‌ರನ್ನು ಕರೆತಂದೆ.

"ಈ ಹಾಳು ಚಳಿ ಕೊಂದುಬಿಡ್ತು ಅಂಕಲ್!"

ಅವರು ಮಂಡಿಯೂರಿ, ಒಡೆದ ಕಡೆ ಮೂಸಿ ನೋಡಿದರು. ನನ್ನ ಜಾಲರಿ ಸೌಟನ್ನು ಕೋಲಿಗೆ ಕಟ್ಟಿ ತಳ ಕೆದಕಿದರು. ಮೇಲೆ ಬಂದದ್ದು ಗಬ್ಬು ನಾರುವ ಅನ್ನ.

"ತಂಡಿ ಕೊಂದಿಲ್ಲ ತಂಗಿ. ನಿನ್ನ ಅನ್ನ ಕೊಂದೈತಿ."

ಅಯ್ಯೋ, ಅನ್ನ ಎಲ್ಲಾದರೂ ಕೊಲ್ಲುತ್ತದೆಯೇ!

"ತಳದಾಗ ನೀರು ಇಷ್ಟು ತಂಡಿ ಇರಂಗಿಲ್ಲ. ಅಲ್ಲಿ ಸುಮ್ಮನ ಕುಂತಿರ್ತಾವ, ಉಣ್ಣಂಗಿಲ್ಲ, ಓಡಾಡಂಗಿಲ್ಲ. ಹಾಕಿದ್ದು ಕೊಳತು ಉಸಿರು ಕಟ್ಟೈತಿ. ತಾವ ಮ್ಯಾಲ ಬಂದು ಬಾಯಿ ತಗದ್ರ ಹಾಕು. ಅಲ್ಲೀತನಕ ಕೈ ಕಟಗೊಂಡು ನಿಂದ್ರು."

ನನ್ನ ಸುತ್ತಿಗೆ ಕಂಡು ರೇಗಿಯೇಬಿಟ್ಟರು. "ನಿನ್ನ ತಲೀಮ್ಯಾಲ ಯಾರರ ಹಿಂಗ ಬಡದ್ರ?" ಕುದಿನೀರಿನ ಪಾತ್ರೆಯನ್ನು ಗಡ್ಡೆಯ ಮೇಲಿಟ್ಟು, ಮೆಲ್ಲಗೆ ಕರಗಿಸಿ, ಗುಂಡನೆಯ ಕಿಂಡಿ ಮಾಡಿದರು. ಕೆಟ್ಟ ಗಾಳಿ ಹೋಗಲಿಕ್ಕೆ ಅದು ಸಾಕಂತೆ. ಆ ಚಳಿಗಾಲವಿಡೀ ಕೆಲಸಕ್ಕೆ ಹೊರಡುವ ಮುಂಚೆ ಬೇಲಿ ದಾಟಿ ಬಂದು ಪಾತ್ರೆ ಇಟ್ಟು ಹೋಗುತ್ತಿದ್ದರು. ಉಳಿದ ನಾಲ್ಕು ಬದುಕಿದವು.

ಮರುವರ್ಷದ ಚಳಿಗೆ ಅಂಕಲ್ ಆಸ್ಪತ್ರೆಯಲ್ಲಿದ್ದರು. ಕ್ಯಾನ್ಸರ್. ನಮಗೆ ತಿಳಿಯುವಷ್ಟರಲ್ಲಿ ಎಲ್ಲ ಕೈಮೀರಿತ್ತು. ಮೂರು ದಿನದಿಂದ ಏನೂ ಮುಟ್ಟಿಲ್ಲವೆಂದು ಕೇಳಿ ಗಂಜಿ ಒಯ್ದೆ. ನನಗೆ ಬುದ್ಧಿ ಬಂದಿರಲಿಲ್ಲ.

"ಎರಡೇ ಚಮಚ ಅಂಕಲ್, ನನಗೋಸ್ಕರ," ಎಂದು ತುಟಿಗೆ ಒತ್ತಿದೆ.

ಕಣ್ಣು ತೆರೆದು ನನ್ನನ್ನೇ ನೋಡಿದರು. ಸಣ್ಣಗೆ ನಕ್ಕರು.

"ನಾ ಬಾಯಿ ತಗದೇನೇನು, ತಂಗಿ?"

ಚಮಚವನ್ನು ಬಟ್ಟಲಿಗೆ ಹಾಕಿದೆ. ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದೇ.

ಚಳಿ ಇಳಿದ ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಾಲ್ಕೂ ಮೀನು ಮೇಲೆ ಬಂದವು. ಕೈಯಲ್ಲಿ ಅಂಗಡಿಯ ಮೀನುಕಾಳು ಹಿಡಿದಿದ್ದವಳು ಬೇಲಿಯತ್ತ ತಿರುಗಿ, "ಅಂಕಲ್, ಬಾಯಿ ತೆಗೆದ್ವು!" ಎಂದು ಕೂಗಿಬಿಟ್ಟೆ.