ಸಿರುಮುಗೈಗೆ ಒಂದು ಕವಲು ಹಳಿ

ನನ್ನ ತವರಿಗೆ ರೈಲು ಯಾವತ್ತೂ ಬರಲಿಲ್ಲ. ಮೇಟ್ಟುಪಾಳಯಂವರೆಗೆ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಸಿರುಮುಗೈಗೆ ಬಸ್ಸು. ಮದುವೆಯಾದ ಹೊಸದರಲ್ಲಿ ಕೊಯಮತ್ತೂರಿನಿಂದ ಪ್ಯಾಸೆಂಜರ್ ಗಾಡಿ ಹತ್ತಿದರೆ ಕೊನೆಯ ಸ್ಟೇಷನ್ ಬರುವವರೆಗೂ ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡೇ ಕೂತಿರುತ್ತಿದ್ದೆ. ಅಲ್ಲಿ ಅಪ್ಪ ನಿಂತಿರುತ್ತಿದ್ದರು. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಕೂತು ಅವರ ಸೊಂಟ ಒಂದು ಪಕ್ಕಕ್ಕೆ ವಾಲಿತ್ತು. ಜನರ ನಡುವೆ ಮುಖ ಕಾಣುವ ಮೊದಲೇ ಆ ವಾಲು ಕಾಣುತ್ತಿತ್ತು. ನನ್ನ ಚೀಲ ತೆಗೆದುಕೊಂಡು "ಬಂದ್ಯಾ" ಅನ್ನುತ್ತಿದ್ದರು. ಅಷ್ಟೇ. ಆಮೇಲೆ ಬಸ್ಸಿನಲ್ಲಿ ಇಡೀ ದಾರಿ ಮಾತಾಡುವುದು ನಾನು.

ಈಗ ಅಪ್ಪ ಇಲ್ಲ, ಮಗ್ಗವೂ ಇಲ್ಲ. ಭವಾನಿ ಹೊಳೆಯ ಕಡೆಗಿದ್ದ ಮನೆಯ ಜಾಗದಲ್ಲಿ ಬೇರೆಯವರ ಮಾಳಿಗೆ ಮನೆ ಎದ್ದಿದೆ. ಅಲ್ಲಿಂದ ನನ್ನ ಪಾಲಿಗೆ ಬಂದದ್ದು ಒಂದು ಹಲಗೆ. ಅಪ್ಪ ರೇಷ್ಮೆ ಸೀರೆ ನೇಯುವಾಗ ಕೂರುತ್ತಿದ್ದ ತೇಗದ ಹಲಗೆ. ನಡುವೆ ಸವೆದು ಸಣ್ಣ ತಗ್ಗು ಬಿದ್ದಿದೆ, ಕೈ ಆಡಿಸಿದರೆ ಬೆಣ್ಣೆ. ತಿರುಪ್ಪೂರಿನ ಈ ಮನೆಯಲ್ಲಿ ಅದನ್ನು ಗೋಡೆಗೆ ಒರಗಿಸಿಟ್ಟಿದ್ದೆ. ಮಧ್ಯಾಹ್ನ ಯಾರೂ ಇಲ್ಲದಾಗ ನೆಲಕ್ಕೆ ಹಾಕಿ ಅದರ ಮೇಲೆ ಕೂರುತ್ತಿದ್ದೆ. ಮಗಳು ನೋಡಿ ಕೇಳಿದಾಗ ಮೊಣಕಾಲಿಗೆ ಒಳ್ಳೆಯದು ಎಂದೆ. ಕೂತಲ್ಲಿಂದ ಏಳುವಾಗ ಮೊಣಕಾಲು ಏನು ಹೇಳುತ್ತಿತ್ತು ಎಂಬುದನ್ನು ಅವಳಿಗೆ ಹೇಳಲಿಲ್ಲ.

ಇನ್ನು ನನ್ನ ಯಜಮಾನರ ವಿಷಯ. ಸೂಲೂರಿನ ಒಂದು ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಕೆಲಸ ಬಿಟ್ಟ ಮೇಲೆ ನಾವು ಮಗಳ ಜೊತೆ ತಿರುಪ್ಪೂರಿಗೆ ಬಂದೆವು. ಮಗಳದ್ದು ಬನಿಯನ್ ಹೊಲಿಯುವ ಸಣ್ಣ ಯೂನಿಟ್, ಮನೆಯ ಕೆಳಗೇ. ಅಲ್ಲಿ ಬಟ್ಟೆ ಕತ್ತರಿಸುವ ಹಳೆಯ ಉದ್ದ ಮೇಜು ಒಂದು ಬೇಡವಾಯಿತು. ಇವರು ಅದನ್ನು ನಾಲ್ಕು ಜನರ ಕೈಯಲ್ಲಿ ಮೇಲಕ್ಕೆ ಹೊರಿಸಿ ಮುಂದಿನ ಕೋಣೆ ತುಂಬ ಹಾಕಿಸಿ, ಅದರ ಮೇಲೆ ಪುಟ್ಟ ರೈಲು ಕಟ್ಟಲು ಶುರು ಮಾಡಿದರು. ಬಂದವರು ಕೂರಲು ಜಾಗವಿಲ್ಲದೆ ಬೇಗ ಹೊರಟುಹೋಗುತ್ತಾರೆ. ಅದರಲ್ಲಿ ನನಗೇನೂ ಬೇಸರವಿಲ್ಲ.

ಎಂಜಿನ್ನು, ಡಬ್ಬಿಗಳು ಅಂಗಡಿಯವು. ಹಳಿ ಮಾತ್ರ ಕೈಯಲ್ಲೇ ಹಾಸಬೇಕು ಎಂಬುದು ಇವರ ಹಟ. ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ಸ್ವಲ್ಪ ದಪ್ಪದ ಮರದ ಪಟ್ಟಿಗಳು, ಅವೇ ಸ್ಲೀಪರುಗಳು. ಒಂದೊಂದನ್ನೂ ಸಮ ಅಂತರದಲ್ಲಿ ಅಂಟಿಸಿ, ಮೇಲೆ ತೆಳ್ಳನೆಯ ಕಂಬಿ ಇಟ್ಟು, ಗುಂಡುಸೂಜಿಗಿಂತ ಚಿಕ್ಕ ಮೊಳೆ ಹೊಡೆಯಬೇಕು. ಮೊದಲಿಗೆ ಚೆನ್ನಾಗಿಯೇ ನಡೆಯಿತು. ಆಮೇಲೆ ಇವರ ಕೈ ನಡುಗಲು ಶುರುವಾಯಿತು. ಬೆಳಿಗ್ಗೆ ಕಾಫಿ ಕೊಟ್ಟರೆ ಲೋಟ ಡಬರಾದ ಮೇಲೆ ತಾಳ ಹಾಕುತ್ತಿತ್ತು. ನಾನು ತಮಾಷೆಗೆ ಹಾಡು ಶುರು ಮಾಡಲಾ ಎಂದೆ. ಇವರು ನಗಲಿಲ್ಲ. ಅವತ್ತೇ ನನಗೆ ಗೊತ್ತಾಯಿತು, ಇದು ತಮಾಷೆಯ ವಿಷಯವಲ್ಲ.

ಮಿಲ್ಲಿನಲ್ಲಿ ಓಡುವ ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿ ತೆಗೆಯುತ್ತಿದ್ದ ಮನುಷ್ಯ. ನನ್ನ ಮೂಗುತಿಯ ತಿರುಪು ಕಳಚಿದರೆ ಕತ್ತಲಲ್ಲೂ ಹಾಕಿಕೊಡುತ್ತಿದ್ದರು. ಆ ಬೆರಳುಗಳೇ ಈಗ ಒಂದು ಕಡ್ಡಿಯನ್ನು ನೆಟ್ಟಗೆ ಇಡಲಾರವು. ಮಗಳು ಅಂಗಡಿಯಲ್ಲಿ ರೆಡಿ ಹಳಿ ಸಿಗುತ್ತದೆ, ತರಿಸಿಕೊಡುತ್ತೇನೆ ಎಂದಳು.

"ಅಂಗ್ಡಿ ಹಳಿ ಮೇಲೆ ಓಡ್ಸೋಕೆ ಅಂಗ್ಡಿಯವ್ನೇ ಸಾಕು ಕಣಮ್ಮ. ನಾನ್ಯಾಕೆ?" ಎಂದರು ಇವರು.

ಅದಾದ ಮೇಲೆ ಇವರಿಗೆ ಹೊಳೆದದ್ದು ಅಚ್ಚು ಮಾಡುವ ಉಪಾಯ. ಒಂದು ಹಲಗೆಯಲ್ಲಿ ಸಾಲಾಗಿ ಗಾಡಿ, ಅಂದರೆ ಕಡ್ಡಿ ಕೂರುವಷ್ಟು ಸಣ್ಣ ಸೀಳು, ಕೊರೆಯುವುದು. ಪ್ರತಿ ಗಾಡಿಗೆ ಒಂದು ಸ್ಲೀಪರು ಕೂರಿಸಿದರೆ ಅಂತರ ತಾನಾಗಿಯೇ ಸಮ. ಮೇಲೆ ಉದ್ದಕ್ಕೆ ಕಾಗದದ ಅಂಟುಪಟ್ಟಿ ಒತ್ತಿ ಎತ್ತಿದರೆ ಇಡೀ ಸಾಲು ಒಟ್ಟಿಗೆ ಎದ್ದು ಬರುತ್ತದೆ. ಮೇಜಿಗೆ ಗೋಂದು ಹಚ್ಚಿ ಅದನ್ನು ಮಲಗಿಸುವುದು, ಅಚ್ಚಿಗೆ ಮತ್ತೆ ಕಡ್ಡಿ ತುಂಬುವುದು. ಕೈ ಎಷ್ಟು ನಡುಗಿದರೂ ಗಾಡಿ ನಡುಗುವುದಿಲ್ಲ. ನನಗೆ ಮಗ್ಗದ ಹಣಿಗೆ ನೆನಪಾಯಿತು. ಎಳೆಗಳನ್ನು ಅದು ಬೇರೆ ಬೇರೆ ಹಿಡಿದುಕೊಂಡರೆ ನೇಯುವವನ ತಲೆಯಲ್ಲಿ ಏನೇ ಓಡುತ್ತಿರಲಿ, ಬಟ್ಟೆ ಅಂಕುಡೊಂಕಾಗುವುದಿಲ್ಲ.

ಮೊದಲ ಅಚ್ಚನ್ನು ಪ್ಲೈವುಡ್ಡಿನಲ್ಲಿ ಮಾಡಿದರು. ನೇರ ಹಳಿಗೆ ಸಾಕಾಯಿತು. ದೀಪಾವಳಿ ಮಳೆ ಬಂತು, ಪ್ಲೈವುಡ್ಡು ಉಬ್ಬಿತು, ಗಾಡಿಗಳು ಕಚ್ಚಿಕೊಂಡವು. ಉಳಿದಿದ್ದ ಕೆಲಸವೇ ಕಷ್ಟದ್ದು: ಒಂದು ಹಳಿ ಎರಡಾಗಿ ಒಡೆಯುವ ಕವಲು. ಅಲ್ಲಿ ಸ್ಲೀಪರುಗಳು ಒಂದಕ್ಕಿಂತ ಒಂದು ಉದ್ದವಾಗುತ್ತಾ ಹೋಗುತ್ತವೆ. ಅಚ್ಚು ಕೂದಲೆಳೆಯಷ್ಟು ಅಲುಗಿದರೂ ರೈಲು ಬೀಳುತ್ತದೆ.

ಒಂದು ದಿನ ಇವರು ಪೇಪರು ಓದುತ್ತಾ, ಪೇಪರಿನಲ್ಲೇ ಬರೆದಿರುವ ಹಾಗೆ ಹೇಳಿದರು, "ಹಳೇ ತೇಗ ಬೇಕಾಗಿತ್ತು. ಮಳೆಗೂ ಬಿಸಿಲ್ಗೂ ಅಲುಗ್ದೇ ಇರೋದು."

"ಏನುಂಗ, ಮರದ ಡಿಪೋ ಇಲ್ಲೇ ಹತ್ರ ಇದೆ" ಎಂದೆ. ಈ ಸೀಮೆಯ ಹೆಂಗಸರು ಕರೆಯುವ ಹಾಗೇ ನಾನೂ ಗಂಡನನ್ನು ಕರೆಯುವುದು.

ಡಿಪೋದಲ್ಲಿ ಅಷ್ಟು ಹಳೆಯದು ಸಿಗುವುದಿಲ್ಲ ಎಂದರು. ನಾನು ಎದ್ದು ಹೋಗಿ ಅಪ್ಪನ ಹಲಗೆ ತಂದು, ಇವರ ಎದುರಿಗೇ ಹಾಕಿಕೊಂಡು, ಮೇಲೆ ಕೂತು ಅವರೆಕಾಯಿ ಸುಲಿದೆ. ಇವರು ಪೇಪರು ಮುಖಕ್ಕೆ ಹಿಡಿದರು. ಮರುದಿನವೂ ಅಲ್ಲೇ ಕೂತು ಬೆಳ್ಳುಳ್ಳಿ ಸುಲಿದೆ. ನಾನು ಏಳಲಿ ಎಂದು ಇವರು, ಇವರು ಕೇಳಲಿ ಎಂದು ನಾನು. ಕೇಳಿದ್ದರೆ ಕೊಡುತ್ತಿದ್ದೆನೋ ಇಲ್ಲವೋ, ಈಗಲೂ ಹೇಳಲಾರೆ. ಅದರಲ್ಲಿ ಗರಗಸ ಆಡುವುದನ್ನು ನೆನೆಸಿಕೊಂಡರೆ ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ತವರಿಗೆ ಹೋಗಬೇಕು ಎನ್ನಿಸಿದರೆ ನಾನು ಹೋಗುತ್ತಿದ್ದುದು ಆ ಹಲಗೆಯ ಮೇಲೆಯೇ, ಕೂತಲ್ಲೇ.

ಮೂರನೆಯ ದಿನವೋ ಏನೋ, ಅಡುಗೆಮನೆಯಿಂದ ಬರುವಾಗ ನೋಡಿದೆ. ಇವರು ಅಚ್ಚಿಲ್ಲದೇ ಕವಲು ಹಾಸಲು ಕೂತಿದ್ದರು. ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಬಾಯಿ ಬಿಗಿದು, ಒಂದು ಕಡ್ಡಿಯನ್ನು ಗೋಂದಿನ ಮೇಲೆ ಇಳಿಸುತ್ತಿದ್ದರು. ಕಡ್ಡಿ ಓರೆಯಾಯಿತು. ತೆಗೆದರು, ಮತ್ತೆ ಇಳಿಸಿದರು, ಮತ್ತೆ ಓರೆ. ನಾನು ನೋಡಿದ್ದು ಇವರಿಗೆ ಗೊತ್ತಾಗಬಾರದು ಎಂದು ಹಿಂದಕ್ಕೆ ಹೋಗಿ, ಪಾತ್ರೆ ಸದ್ದು ಮಾಡಿ, ಆಮೇಲೆ ಬಂದೆ. ಬರುವಾಗ ಹಲಗೆಯನ್ನೂ ತಂದು ಮೇಜಿನ ಮೇಲಿಟ್ಟೆ.

"ಅಪ್ಪ ಕೂತಿದ್ದ ಕಡೆ ಮುಟ್ಬಾರ್ದು. ಹಿಂದ್ಗಡೆ ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಇವರು ತಗ್ಗು ಕೆಳಗಾಗುವಂತೆ ಅದನ್ನು ಮಗುಚಿ, ಕೆಳಗೆ ಬನಿಯನ್ ಬಟ್ಟೆ ಮಡಿಸಿ ಹಾಸಿದರು.

ಮೇಜಿನಲ್ಲಿ ಅಕ್ಕಪಕ್ಕ ಎರಡು ಹಳಿಗಳಿದ್ದವು. ಒಂದರಿಂದ ಇನ್ನೊಂದಕ್ಕೆ ರೈಲು ದಾಟಬೇಕು, ಅದಕ್ಕೆ ಎರಡು ಕವಲು ಬೇಕು. ಮೊದಲ ಕವಲಿನ ಚಿತ್ರ ಹಲಗೆಯ ಒಂದು ತುದಿಗೆ ಬಂತು. ಎರಡನೆಯದನ್ನು ಇನ್ನೊಂದು ತುದಿಗೆ ಬರೆಯುವುದು ನನ್ನ ಕೆಲಸವಾಯಿತು. ನಾನು ಯೋಚಿಸಲೇ ಇಲ್ಲ. ಚಿತ್ರದ ಕಾಗದವನ್ನು ಮಗುಚಿ ಹಾಕಿ ಗೆರೆ ಎಳೆದೆ. ಸೀರೆಗೆ ಎರಡು ಅಂಚು. ಈ ಅಂಚಿನ ನವಿಲು ಆ ಅಂಚಿನ ನವಿಲನ್ನು ನೋಡಬೇಕು. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಇವರೂ ಮಗ್ಗದ ಮನೆಯಲ್ಲಿ ಹುಟ್ಟಿದವರೇ, ಇವರಿಗೂ ಅನುಮಾನ ಬರಲಿಲ್ಲ. ಗರಗಸ ಅಲುಗದಂತೆ ಎರಡು ಕಬ್ಬಿಣದ ಪಟ್ಟಿ ಬಿಗಿದು, ನಾನು ಹಲಗೆ ಹಿಡಿದು, ಇವರು ಕೊರೆದರು. ತೇಗದ ಪುಡಿಯ ವಾಸನೆ ಎದ್ದಿತು. ಅಷ್ಟು ವರ್ಷದ ಮೇಲೂ ಒಳಗೆ ಎಣ್ಣೆ ಇತ್ತು.

ಎರಡು ಅಚ್ಚಿನಲ್ಲೂ ಒಂದೊಂದು ಕವಲು ಎದ್ದು ಬಂತು. ಒಂದು ಕಡ್ಡಿಯೂ ಓರೆಯಿಲ್ಲ. ಮೇಜಿಗೆ ಅಂಟಿಸಿ, ಕಂಬಿ ಕೂರಿಸಿ, ಮೊಳೆ ಹೊಡೆದು ನೋಡಿದರೆ ಮೊದಲನೆಯ ಕವಲು ಪಕ್ಕದ ಹಳಿಯ ಕಡೆ ತಿರುಗಿತ್ತು. ಎರಡನೆಯದು ಅದಕ್ಕೆ ಬೆನ್ನು ಹಾಕಿ ಕಿಟಕಿಯ ಕಡೆ ತಿರುಗಿತ್ತು, ಜಗಳವಾಡಿದ ಓರಗಿತ್ತಿಯ ಹಾಗೆ. ಹಳಿಗೆ ಸೀರೆಯ ನಿಯಮವಿಲ್ಲ. ಹೀಗೆ ದಾಟಲು ಎರಡೂ ಕವಲು ಒಂದೇ ಕಡೆಯವಾಗಬೇಕಿತ್ತು, ಎರಡೂ ಬಲದವು.

ನನಗೆ ನಗು ಬಂತು. ಇವರಿಗೆ ಬರಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ.

"ನಿಮ್ಮಪ್ಪನ ಹಲಗೆ ಅರ್ಧ ಸುಮ್ನೆ ಹಾಳ್ ಮಾಡ್ಬಿಟ್ಟೆ" ಎಂದರು ಕೊನೆಗೆ.

ಗೆರೆ ಎಳೆದವಳು ನಾನು, ಹಾಳು ಮಾಡಿದವರು ಇವರಂತೆ. ಬಲದ ಕವಲು ಇನ್ನೊಂದು ಬೇಕಾದರೆ ಬಲದ ಅಚ್ಚಿಗೆ ಮತ್ತೆ ಕಡ್ಡಿ ತುಂಬಿದರಾಯಿತು, ಅಚ್ಚು ಮಾಡಿದ್ದು ಯಾಕೆ ಮತ್ತೆ ಎಂದು ಕೇಳಿದೆ. ಅದನ್ನು ಒಪ್ಪಿದರು. ಆದರೆ ಕಿಟಕಿ ಕಡೆಯದನ್ನು ಕೀಳಲು ಚಾಕು ತೆಗೆದುಕೊಂಡರು. ನಾನು ಕೈ ಅಡ್ಡ ಇಟ್ಟೆ.

"ಅದು ಇರ್ಲಿ. ಅದು ಸಿರುಮುಗೈಗೆ ಹೋಗೋ ಹಳಿ."

"ಸಿರುಮುಗೈ ಆ ಕಡೆ ಇಲ್ಲ. ಆ ಕಡೆ ಪಲ್ಲಡಂ."

"ಮುಂದೆ ಹೋಗಿ ತಿರುಗತ್ತೆ ಬಿಡಿ."

ಇವರು ಚಾಕು ಕೆಳಗಿಟ್ಟರು.

ಮಾರ್ಗಳಿ ತಿಂಗಳ ಚಳಿ ಮುಗಿಯುವವರೆಗೂ ಆ ಕೆಲಸವೇ ಆಯಿತು. ಬಲದ ಕವಲು ಮತ್ತೊಂದು ಎದ್ದು ಬಂತು, ರೈಲು ಈ ಹಳಿಯಿಂದ ಆ ಹಳಿಗೆ ದಾಟಿತು. ಆಮೇಲೆ ಕಿಟಕಿ ಕಡೆಯ ಎಡದ ಕವಲಿನಿಂದ ಮೇಜಿನ ಅಂಚಿಗೆ, ಅಲ್ಲಿಂದ ಒಂದು ಸಣ್ಣ ಸೇತುವೆ ಹಾಕಿ ಕಿಟಕಿಯ ಕಟ್ಟೆಗೆ. ಸೇತುವೆಯ ಕೆಳಗೆ ಭವಾನಿ ಎಂದು ನಾನು ನೀಲಿ ಬನಿಯನ್ ತುಂಡು ತೂಗುಹಾಕಿದೆ. ಗೋಂದು ಹಚ್ಚುವುದು, ಕಡ್ಡಿ ತುಂಬುವುದು ನನ್ನದು. ಅಚ್ಚಿನಿಂದ ಎತ್ತಿ ಮಲಗಿಸುವುದು ಇವರೊಬ್ಬರದೇ. ಅದಕ್ಕೆ ನನ್ನ ಕೈ ತಾಗಿಸಲು ಬಿಡಲಿಲ್ಲ.

ಈಗ ಇದನ್ನು ಒಂದೇ ಬೆರಳಲ್ಲಿ ಫೋನಿನ ಮೇಲೆ ಒತ್ತುತ್ತಿದ್ದೇನೆ. ನಮ್ಮ ಮನೆಮಾತು ಕನ್ನಡ, ಅದರ ಅಕ್ಷರ ಅಪ್ಪ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ಕಲಿಸಿದ್ದು. ಈ ಊರಿನಲ್ಲಿ ಅದಕ್ಕೆ ಕೆಲಸವೇ ಸಿಕ್ಕಿರಲಿಲ್ಲ. ಯಾರಿಗೆ ಇಷ್ಟುದ್ದ ಮೆಸೇಜು ಎಂದು ಇವರು ಆಗಲೇ ಕೇಳಿದರು. ನಾನು ಹೇಳಲಿಲ್ಲ. ಸ್ವಲ್ಪ ಒದ್ದಾಡಲಿ.

ಮೊದಲ ದಿನ ಎಂಜಿನ್ನು ಕವಲು ದಾಟಿ, ಸೇತುವೆ ಹತ್ತಿ, ಕಿಟಕಿಯ ಕಟ್ಟೆಯ ಮೇಲೆ ಹಳಿಯ ತುದಿಗೆ ಅಡ್ಡ ಇಟ್ಟಿದ್ದ ನೂಲಿನ ಕೋನಿಗೆ ಮೆಲ್ಲಗೆ ತಾಗಿ ನಿಂತಿತು. ಎಲ್ಲೂ ಬೀಳಲಿಲ್ಲ. ಇವರು ಮಿಲ್ಲಿನ ಪಾಳಿ ಮುಗಿಸಿ ಬಂದವರ ಹಾಗೆ ಕೈ ಒರೆಸಿಕೊಂಡರು.

"ಇಳಿ, ನಿನ್ ತವರು ಬಂತು."

"ಕರ್ಕೊಂಡೋಗಕ್ಕೆ ಯಾರ್ ಬಂದವ್ರೆ?" ಎಂದೆ. ತಮಾಷೆಗೇ ಅಂದಿದ್ದು. ಅಂದವಳೇ ಕಾಫಿ ಇಡುತ್ತೇನೆ ಎಂದು ಒಳಗೆ ಹೋದೆ.

ಮರುದಿನ ಕಿಟಕಿ ಒರೆಸಲು ಹೋದಾಗ, ಹಳಿ ಮುಗಿಯುವ ಕಡೆ ಸ್ಲೀಪರಿನಷ್ಟೇ ಗಾತ್ರದ ಒಂದು ಮರದ ತುಂಡು ನಿಂತಿತ್ತು. ಅಪ್ಪನ ಹಲಗೆ ಕೊರೆದಾಗ ಉಳಿದ ಚೂರಿನದು, ಬಣ್ಣದಲ್ಲೇ ಗೊತ್ತಾಗುತ್ತದೆ. ಅಚ್ಚಿನ ಸಹಾಯವಿಲ್ಲದೆ ಇವರೇ ಕೈಯಲ್ಲಿ ಅಂಟಿಸಿದ್ದು, ಹಾಗಾಗಿ ನೆಟ್ಟಗೆ ನಿಂತಿಲ್ಲ. ಒಂದು ಪಕ್ಕಕ್ಕೆ ವಾಲಿದೆ.

ಮಗಳು ನೋಡಿ, ಇದೊಂದು ಸೊಟ್ಟಗಿದೆ, ಕಿತ್ತು ಸರಿಯಾಗಿ ಅಂಟಿಸಲಾ ಎಂದು ಕೇಳಿದಳು. ಬೇಡ ಎಂದೆ. ಯಾಕೆ ಎಂದಳು. ಸ್ಟೇಷನ್ನಿನಲ್ಲಿ ಅವರು ನಿಲ್ಲುವುದೇ ಹಾಗೆ ಎಂದೆ.